90 ನಿಮಿಷದ ಆಟ, 3 ನಿಮಿಷದ ಆಟ: ಚೆಸ್ ಗಡಿಯಾರಕ್ಕೆ ತಕ್ಕ ಹಾಗೆ ಆಡುವುದು, ಅಭ್ಯಾಸ ಮಾಡುವುದು ಹೇಗೆ?

ಚಿಕ್ಕಮಗಳೂರು, ಹಾಸನದ ಕಡೆ ಚೆಸ್ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಮೊಬೈಲಲ್ಲಿ ದಿನಾ ಹತ್ತಿಪ್ಪತ್ತು ಗೇಮ್ ಆಡ್ತಾನೆ. ಟೂರ್ನಮೆಂಟಿಗೆ ಹೋದ್ರೆ ಯಾಕೆ ಸೋತು ಬರ್ತಾನೆ?"

ಹುಡುಗನ ಬುದ್ಧಿಯಲ್ಲಿ ಏನೂ ಕೊರತೆ ಇರುವುದಿಲ್ಲ. ಮೊಬೈಲಲ್ಲಿ ಅವನು ಆಡುವುದು 3 ಅಥವಾ 5 ನಿಮಿಷದ ಆಟ. ಮೈಸೂರಿಗೋ ಬೆಂಗಳೂರಿಗೋ ಹೋದಾಗ ಮೇಜಿನ ಮೇಲೆ ಇರುವುದು 90 ನಿಮಿಷದ ಗಡಿಯಾರ. ಅಲ್ಲೂ ಅವನು ಮೊಬೈಲಿನ ವೇಗದಲ್ಲೇ ಆಡುತ್ತಾನೆ. ಅರ್ಧ ಗಂಟೆಗೆ ಆಟ ಮುಗಿದುಹೋಗುತ್ತದೆ. ಗಡಿಯಾರದಲ್ಲಿ ಒಂದು ಗಂಟೆಗೂ ಜಾಸ್ತಿ ಸಮಯ ಹಾಗೇ ಉಳಿದಿರುತ್ತದೆ. ಇಷ್ಟು ದೂರ ಬಸ್ಸಲ್ಲಿ ಬಂದು ಯೋಚನೆ ಮಾಡದೆ ಸೋಲುವುದನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯೋಚಿಸುವ ಅಭ್ಯಾಸ ಬೆಳೆಯುವುದು ನಿಧಾನದ ಆಟದಲ್ಲಿ. ಆ ಅಭ್ಯಾಸ ಎಷ್ಟು ಗಟ್ಟಿಯಾಗಿದೆ ಅಂತ ಗೊತ್ತಾಗುವುದು ವೇಗದ ಆಟದಲ್ಲಿ. ಎರಡೂ ಬೇಕು, ಆದರೆ ಈ ಕ್ರಮ ತಲೆಕೆಳಗಾಗಬಾರದು. ಚಾರ್ಮಾಡಿ ಘಾಟಿಯ ಒಂದೊಂದು ತಿರುವನ್ನೂ ನಿಧಾನವಾಗಿ ಹತ್ತಿ ಇಳಿದು ಕಲಿತ ಡ್ರೈವರ್ ಆಮೇಲೆ ಸಲೀಸಾಗಿ ಓಡಿಸುತ್ತಾನಲ್ವಾ, ಹಾಗೆ.

ಹಂತ 1: ಗಡಿಯಾರದ ಅಂಕಿ ಓದುವುದು

ಟೂರ್ನಮೆಂಟ್ ಪಾಂಪ್ಲೆಟ್‌ನಲ್ಲಿ 90+30, 15+10, 3+2 ಅಂತ ಬರೆದಿರುತ್ತದೆ. ಮೊದಲ ಅಂಕಿ ಒಬ್ಬೊಬ್ಬ ಆಟಗಾರನಿಗೆ ಸಿಗುವ ನಿಮಿಷ. ಎರಡನೆಯದು ಪ್ರತಿ ನಡೆಗೆ ಸೇರುವ ಸೆಕೆಂಡು. ಇದಕ್ಕೆ ಇಂಕ್ರಿಮೆಂಟ್ ಅನ್ನುತ್ತಾರೆ. ಹೀಗೆ ಸಮಯ ಸೇರಿಸುವ ಡಿಜಿಟಲ್ ಗಡಿಯಾರಕ್ಕೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1989ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿ ಜೊತೆ ಮತ್ತೆ ಆಡಿದಾಗ ಅಂಥದ್ದೇ ಗಡಿಯಾರ ಬಳಸಿದರು. ಅದಕ್ಕೂ ಮುಂಚೆ ಹೆಚ್ಚಾಗಿ ಇದ್ದದ್ದು ಮುಳ್ಳಿನ ಗಡಿಯಾರ. ಸಮಯ ಮುಗಿದರೆ ಅದರಲ್ಲಿದ್ದ ಪುಟ್ಟ ಕೆಂಪು ಬಾವುಟ ಬೀಳುತ್ತಿತ್ತು. ಈಗಲೂ ಟೈಮ್ ಮುಗಿದರೆ "ಫ್ಲ್ಯಾಗ್ ಬಿತ್ತು" ಅಂತಲೇ ಹೇಳುತ್ತೇವೆ.

ವಿಶ್ವ ಚೆಸ್ ಒಕ್ಕೂಟ ಫಿಡೆ ಲೆಕ್ಕ ಹಾಕುವ ರೀತಿ ಸುಲಭ. ಒಂದು ಆಟ 60 ನಡೆ ನಡೆಯುತ್ತದೆ ಅಂತ ಇಟ್ಟುಕೊಂಡು ಇಂಕ್ರಿಮೆಂಟ್ ಕೂಡಿಸಿ. ಒಟ್ಟು 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಬಂದರೆ ಬ್ಲಿಟ್ಜ್. 10ಕ್ಕಿಂತ ಹೆಚ್ಚು, 60ಕ್ಕಿಂತ ಕಡಿಮೆ ಇದ್ದರೆ ರ‍್ಯಾಪಿಡ್. 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸ್ಟ್ಯಾಂಡರ್ಡ್, ಅಂದರೆ ನಾವು ಕ್ಲಾಸಿಕಲ್ ಅನ್ನುವುದು. ಈ ಲೆಕ್ಕದಲ್ಲಿ 3+2 ಅಂದರೆ 5 ನಿಮಿಷ, 15+10 ಅಂದರೆ 25 ನಿಮಿಷ, 90+30 ಅಂದರೆ 2 ಗಂಟೆ. ಇಬ್ಬರದ್ದೂ ಸೇರಿದರೆ 90+30ರ ಒಂದು ಆಟ 4 ಗಂಟೆ ಹಿಡಿಯಬಹುದು.

ಆನ್‌ಲೈನ್ ಲೆಕ್ಕ ಸ್ವಲ್ಪ ಬೇರೆ. ಇಂಕ್ರಿಮೆಂಟ್ ಇಲ್ಲದ 10 ನಿಮಿಷದ ಆಟ ಚೆಸ್ ಡಾಟ್ ಕಾಮ್‌ನಲ್ಲೂ ಲಿಚೆಸ್‌ನಲ್ಲೂ ರ‍್ಯಾಪಿಡ್. ಫಿಡೆ ಪ್ರಕಾರ ಅದು ಬ್ಲಿಟ್ಜ್. ಹಾಗಾಗಿ "ನಾನು ರ‍್ಯಾಪಿಡ್ ತುಂಬಾ ಆಡಿದ್ದೀನಿ" ಅನ್ನುವ ಮಗು ಬೋರ್ಡಿನ ಮುಂದೆ ನಿಜವಾದ ರ‍್ಯಾಪಿಡ್ ಒಂದನ್ನೂ ಆಡಿರದೆ ಇರಬಹುದು.

ಹಂತ 2: ನೀವು ಸೋಲುವುದು ಹೇಗೆ ಅಂತ ನೋಡಿಕೊಳ್ಳುವುದು

ಯಾವ ಟೈಮ್ ಕಂಟ್ರೋಲ್ (ಎಷ್ಟು ಸಮಯದ ಆಟ) ಆಡಬೇಕು ಅಂತ ತೀರ್ಮಾನ ಮಾಡುವ ಮುಂಚೆ ಸೋತ ಹತ್ತು ಆಟ ತೆಗೆದುಕೊಳ್ಳಿ. ಲಿಚೆಸ್‌ನಲ್ಲಿ ಪ್ರತಿ ನಡೆಗೆ ಎಷ್ಟು ಸಮಯ ತೆಗೆದುಕೊಂಡಿರಿ ಅನ್ನುವ ಪಟ್ಟಿಯೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಪ್ರತಿ ಆಟಕ್ಕೆ ಎರಡೇ ಪ್ರಶ್ನೆ ಕೇಳಿ. ಆಟ ಕೈ ತಪ್ಪಿದ ನಡೆ ಯಾವುದು? ಆಗ ಗಡಿಯಾರದಲ್ಲಿ ಎಷ್ಟು ಸಮಯ ಇತ್ತು?

ಸಮಯ ಬೇಕಾದಷ್ಟು ಇದ್ದು ಕುದುರೆಯನ್ನೋ ಒಂಟೆಯನ್ನೋ ಸುಮ್ನೆ ಕೊಟ್ಟಿದ್ದರೆ ನಿಮಗೆ ಬೇಕಾದದ್ದು ನಿಧಾನದ ಆಟ. ಮಕ್ಕಳಲ್ಲಿ ಹೆಚ್ಚಿನವರು ಈ ಗುಂಪಿಗೇ ಸೇರುತ್ತಾರೆ. ಆಟ ಚೆನ್ನಾಗಿದ್ದೂ ಕೊನೆಯ ಎರಡು ನಿಮಿಷದಲ್ಲಿ ತಡಬಡಾಯಿಸಿ ಸೋತಿದ್ದರೆ ರ‍್ಯಾಪಿಡ್ ಬೇಕು. ದೊಡ್ಡವರಲ್ಲಿ, ಅದರಲ್ಲೂ ತುಂಬಾ ಓದಿಕೊಂಡು ಆಡುವವರಲ್ಲಿ ಈ ತೊಂದರೆ ಜಾಸ್ತಿ. ಇನ್ನು ಮೊದಲ ಹತ್ತು ನಡೆಗೇ ಅರ್ಧ ಗಂಟೆ ಹೋಗುತ್ತಿದ್ದರೆ ನಿಮ್ಮ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳು, ನಿಮಗೇ ಬಾಯಿಗೆ ಬಂದಿಲ್ಲ. ಅದನ್ನು ಉಜ್ಜಿ ಹದ ಮಾಡಿಕೊಳ್ಳೋಕೆ ಬ್ಲಿಟ್ಜ್ ಒಳ್ಳೆಯದು.

ಹಂತ 3: ನಿಧಾನದ ಆಟ ಆಡುವುದು ಹೇಗೆ

ಈ ಹಂತಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. "ಯೋಚನೆ ಮಾಡಿ ಆಡು" ಅಂದರೆ ಮಗುವಿಗೆ ಏನು ಯೋಚನೆ ಮಾಡಬೇಕು ಅಂತ ಗೊತ್ತಾಗಬೇಕಲ್ಲ.

ಮೊದಲು ವ್ಯವಸ್ಥೆ. ಮನೆಯಲ್ಲಿ 90+30 ಆಡೋಕೆ ಪುರುಸೊತ್ತು ಸಿಗುವುದು ಕಷ್ಟ. 45+15 ಇಟ್ಟುಕೊಳ್ಳಿ. ಫಿಡೆ ಲೆಕ್ಕದಲ್ಲಿ ಅದು ಸರಿಯಾಗಿ 60 ನಿಮಿಷ, ಅಂದರೆ ಸ್ಟ್ಯಾಂಡರ್ಡ್. ಎರಡು ಗಂಟೆಯೊಳಗೆ ಮುಗಿಯುತ್ತದೆ. ನಿಜವಾದ ಬೋರ್ಡ್, ನಿಜವಾದ ಎದುರಾಳಿ ಇರಲಿ. ಡಿಜಿಟಲ್ ಗಡಿಯಾರ ಇಲ್ಲದಿದ್ದರೆ ಫೋನಿನಲ್ಲಿ ಚೆಸ್ ಕ್ಲಾಕ್ ಆ್ಯಪ್ ಹಾಕಿಕೊಂಡು, ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಉಳಿದ ಫೋನುಗಳು ಪಕ್ಕದ ಕೋಣೆಗೆ ಹೋಗಲಿ.

ನಮ್ಮ ಮಲೆನಾಡಿಗೆ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈನಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಆನ್‌ಲೈನ್ ಆಟದಲ್ಲಿ ನೆಟ್ ಹೋದರೂ ನಿಮ್ಮ ಗಡಿಯಾರ ಓಡುತ್ತಲೇ ಇರುತ್ತದೆ. ಗುಡುಗು ಶುರುವಾದ ಮೇಲೆ ಆನ್‌ಲೈನ್ ರೇಟೆಡ್ ಗೇಮ್ ಹಾಕುವುದಕ್ಕಿಂತ ಪಕ್ಕದ ಮನೆಯ ಹುಡುಗನನ್ನು ಕರೆದು ಬೋರ್ಡ್ ಹಾಸುವುದು ಮೇಲು.

ಇನ್ನು ಯೋಚನೆಯ ಕ್ರಮ. ಎದುರಾಳಿ ನಡೆ ಇಟ್ಟು ಗಡಿಯಾರ ಒತ್ತಿದ ತಕ್ಷಣ ಅವರ ನಡೆಯನ್ನು ಸ್ಕೋರ್ ಶೀಟಿನಲ್ಲಿ ಬರೆಯಿರಿ. ಬರೆಯುವಾಗಲೇ ಕೇಳಿಕೊಳ್ಳಿ: ಈ ಕಾಯಿ ಈಗ ಯಾವುದನ್ನು ಹೊಡೆಯೋಕೆ ನೋಡುತ್ತಿದೆ? ಅದು ಬಿಟ್ಟು ಬಂದ ಮನೆಯಿಂದ ಯಾವುದಕ್ಕೆ ಕಾವಲು ತಪ್ಪಿತು? ಆಮೇಲೆ ಇಬ್ಬರ ಕಡೆಯಿಂದಲೂ ಇರುವ ಚೆಕ್, ಹೊಡೆತ, ಬೆದರಿಕೆ ನೋಡಿ. ಎದುರಾಳಿಯದ್ದು ಮೊದಲು, ನಿಮ್ಮದು ಆಮೇಲೆ. ಬಳಿಕ ಆಡಬಹುದಾದ ಎರಡು ನಡೆ ಆರಿಸಿಕೊಳ್ಳಿ. ಒಂದೇ ನಡೆ ಹೊಳೆದರೆ ನಿಲ್ಲಿ, ಇನ್ನೊಂದನ್ನು ಹುಡುಕಿ. ಎರಡನ್ನೂ ಹೊಡೆದಾಟ ತಣ್ಣಗಾಗುವವರೆಗೆ ಲೆಕ್ಕ ಹಾಕಿ. ಕೊನೆಗೆ ಕೈ ಮುಂದೆ ಚಾಚುವ ಮುಂಚೆ, ಆ ನಡೆ ಆಗಲೇ ಆಡಿಯಾಗಿದೆ ಅಂದುಕೊಂಡು ಬೋರ್ಡನ್ನು ಇನ್ನೊಮ್ಮೆ ಎದುರಾಳಿಯ ಕಣ್ಣಿಂದ ನೋಡಿ. ಕಾಯಿ ಮುಟ್ಟಿದರೆ ಅದನ್ನೇ ಆಡಬೇಕು ಅನ್ನುವುದು ನಿಯಮ.

ಇನ್ನೊಂದು ವಿಷಯ. ಹಿಂದೆ ಎಷ್ಟೋ ಮಂದಿ ತಮ್ಮ ನಡೆಯನ್ನು ಮೊದಲು ಬರೆದು ಆಮೇಲೆ ಆಡುತ್ತಿದ್ದರು. ಈಗಿನ ಫಿಡೆ ನಿಯಮ ಅದಕ್ಕೆ ಒಪ್ಪುವುದಿಲ್ಲ. ಆಡಿ, ಗಡಿಯಾರ ಒತ್ತಿ, ಆಮೇಲೆ ಬರೆಯಿರಿ. 90+30ರಲ್ಲಿ ಪ್ರತಿ ನಡೆಗೂ 30 ಸೆಕೆಂಡು ಸಿಗುವುದರಿಂದ ಕೊನೆಯವರೆಗೂ ಬರೆಯಲೇಬೇಕು. ಇಂಕ್ರಿಮೆಂಟ್ 30 ಸೆಕೆಂಡಿಗಿಂತ ಕಡಿಮೆ ಇದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ನಿಮ್ಮ ಬಳಿ 5 ನಿಮಿಷಕ್ಕಿಂತ ಕಡಿಮೆ ಉಳಿದಾಗ ಬರೆಯುವುದು ಕಡ್ಡಾಯವಲ್ಲ.

ಈ ಕ್ರಮ ಏನು ಮಾಡುತ್ತದೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಬೋರ್ಡ್ ತೆಗೆದು ಜೊತೆಗೆ ಆಡಿ. ಬಿಳಿ ಪಾನ್ ಇ4, ಕಪ್ಪು ಪಾನ್ ಇ5. ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6. ಬಿಳಿ ಒಂಟೆ ಸಿ4. ಈಗ ಕಪ್ಪು ಅದೇ ಕುದುರೆಯನ್ನು ಡಿ4ಗೆ ಹಾರಿಸುತ್ತದೆ. ಇ5 ಪಾನ್‌ಗೆ ಕಾವಲೇ ಇಲ್ಲ! 3 ನಿಮಿಷದ ಆಟದಲ್ಲಿ ಕೈ ತಾನಾಗೇ ಹೋಗಿ ಕುದುರೆಯಿಂದ ಆ ಪಾನ್ ಹೊಡೆಯುತ್ತದೆ. ಕಪ್ಪು ರಾಣಿ ಜಿ5ಗೆ ಬರುತ್ತಾಳೆ. ಈಗ ಎಫ್7 ಇನ್ನೂ ರುಚಿಯಾಗಿ ಕಾಣುತ್ತದೆ, ಅಲ್ಲಿಂದ ರಾಣಿಗೂ ಆನೆಗೂ ಫೋರ್ಕ್, ಅಂದರೆ ಎರಡಕ್ಕೂ ಒಟ್ಟಿಗೆ ಬೆದರಿಕೆ. ಹೊಡೆಯುತ್ತೀರಿ. ರಾಣಿ ಜಿ2 ಪಾನ್ ಹೊಡೆಯುತ್ತಾಳೆ. ನಿಮ್ಮ ಆನೆ ತಪ್ಪಿಸಿಕೊಂಡು ಎಫ್1ಗೆ ಹೋಗುತ್ತದೆ. ರಾಣಿ ಇ4 ಹೊಡೆದು ಚೆಕ್. ಒಂಟೆ ಇ2ಗೆ ಬಂದು ಅಡ್ಡ ನಿಲ್ಲುತ್ತದೆ. ಡಿ4 ಕುದುರೆ ಎಫ್3ಗೆ ಬಂದು ಚೆಕ್‌ಮೇಟ್. ಏಳು ನಡೆಯಲ್ಲಿ ಆಟ ಮುಗಿಯಿತು.

ಈಗ ಅದೇ ಜಾಗದಲ್ಲಿ, ಕುದುರೆ ಡಿ4ಗೆ ಬಂದ ಕೂಡಲೇ, ಎರಡು ನಿಮಿಷ ಕೂತು ನೋಡಿ. ಒಂದೇ ಕಾಯಿಯನ್ನು ಎರಡು ಸಲ ಆಡಿ ಪಾನ್ ಬಿಟ್ಟುಕೊಡುತ್ತಿದ್ದಾರೆ, ಯಾಕೆ? ಹೊಡೆದರೆ ಅವರ ರಾಣಿ ಎಲ್ಲಿಗೆ ಬರಬಹುದು? ಜಿ5 ಕಾಣುತ್ತದೆ. ಅಲ್ಲಿಂದ ನಿಮ್ಮ ಕುದುರೆಗೂ ಜಿ2ಗೂ ಒಟ್ಟಿಗೆ ಬೆದರಿಕೆ. ಇಷ್ಟು ಕಂಡರೆ ಸಾಕು, ಪಾನಿನ ಆಸೆ ಬಿಟ್ಟು ಡಿ4 ಕುದುರೆಯನ್ನೇ ಹೊಡೆಯುತ್ತೀರಿ. ಅವರು ಪಾನ್‌ನಿಂದ ತಿರುಗಿ ಹೊಡೆದ ಮೇಲೆ ನೀವು ಕ್ಯಾಸ್ಲಿಂಗ್ ಮಾಡಿಕೊಂಡರೆ ಆಟ ನಿಮ್ಮ ಕಡೆಗೇ ಚೆನ್ನಾಗಿರುತ್ತದೆ. ಒಮ್ಮೆ ಹೀಗೆ ಕೂತು ಕಂಡುಹಿಡಿದ ಮಗು ಮುಂದೆ ಬ್ಲಿಟ್ಜ್‌ನಲ್ಲೂ ಈ ಬಲೆಗೆ ಬೀಳುವುದಿಲ್ಲ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. 90+30ರಲ್ಲಿ 30 ನಡೆಯಾಗುವ ಹೊತ್ತಿಗೆ ಇಂಕ್ರಿಮೆಂಟ್ ಸೇರಿ ನಿಮಗೆ ಒಟ್ಟು 105 ನಿಮಿಷ ಸಿಕ್ಕಿರುತ್ತದೆ. ಮೊದಲ ಹತ್ತು ನಡೆಗೆ 10 ನಿಮಿಷ ಸಾಕು. ಮುಂದಿನ ಇಪ್ಪತ್ತಕ್ಕೆ 65 ನಿಮಿಷ ಧಾರಾಳವಾಗಿ ಖರ್ಚು ಮಾಡಿ, ಆಟ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಅಲ್ಲೇ. 30ನೇ ನಡೆಗೆ 30 ನಿಮಿಷ ಉಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳುವುದು ಸುಲಭ. ಎಲ್ಲಾ ನಡೆಗೂ ಒಂದೇ ಸಮ ಹಂಚಬೇಡಿ. ತಿರುಗಿ ಹೊಡೆಯಲೇಬೇಕಾದ ನಡೆಗೆ ಅರ್ಧ ನಿಮಿಷ ಸಾಕು. ಪಾನ್‌ಗಳ ಜೋಡಣೆ ಬದಲಾಗುವಾಗ, ರಾಣಿಗಳು ಹೋಗುವಾಗ, ಕಾಯಿ ಬಲಿ ಕೊಡುವಾಗ 10 ನಿಮಿಷ ಕೂತರೂ ತಪ್ಪಿಲ್ಲ. ಪ್ರತಿ ಐದು ನಡೆಗೊಮ್ಮೆ ಸ್ಕೋರ್ ಶೀಟಿನಲ್ಲಿ ನಡೆಯ ಪಕ್ಕ ಉಳಿದ ಸಮಯ ಬರೆದುಕೊಳ್ಳಿ. ಹತ್ತನೇ ನಡೆ ಆದ ಮೇಲೂ ಗಡಿಯಾರ 93, 94 ತೋರಿಸುತ್ತಿದ್ದರೆ ಮಗು ಯೋಚನೆಯನ್ನೇ ಮಾಡಿಲ್ಲ. ಇಂಕ್ರಿಮೆಂಟಿನಲ್ಲೇ ಆಡಿ ಮುಗಿಸುತ್ತಿದೆ.

ಕೂರುವ ಶಕ್ತಿಯೂ ಅಭ್ಯಾಸದಿಂದಲೇ ಬರಬೇಕು. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದದ್ದು ಕೊನೆಯ, ಅಂದರೆ 14ನೇ ಆಟದಲ್ಲಿ. ಅಲ್ಲಿ ಮೊದಲ 40 ನಡೆಗೆ 2 ಗಂಟೆ ಇತ್ತು, ಆಮೇಲೆ 30 ನಿಮಿಷ ಮತ್ತು ನಡೆಗೆ 30 ಸೆಕೆಂಡು. ಆಟ ಡ್ರಾ ಆಗುತ್ತದೆ ಅಂತ ನೋಡುತ್ತಿದ್ದವರೆಲ್ಲ ಅಂದುಕೊಂಡಿದ್ದರು. ಗುಕೇಶ್ ಬಳಿ ಒಂದು ಪಾನ್ ಜಾಸ್ತಿ ಇತ್ತು ಅಷ್ಟೆ, ಆದರೂ ಆಡಿಸುತ್ತಲೇ ಹೋದರು. 55ನೇ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ಎಫ್2ಗೆ ತಂದರು. ಆನೆಗಳು ಹೋದವು, ಒಂಟೆಗಳೂ ಹೋದವು, ಉಳಿದದ್ದು ಪಾನ್ ಆಟ, ಅದು ಡಿಂಗ್ ಸೋಲುವ ಆಟ. ಆಗಿನ ಗುಕೇಶ್ ರ‍್ಯಾಪಿಡ್, ಬ್ಲಿಟ್ಜ್ ರೇಟಿಂಗ್‌ಗಳು ಕ್ಲಾಸಿಕಲ್‌ಗಿಂತ ನೂರಕ್ಕೂ ಹೆಚ್ಚು ಅಂಕ ಕಡಿಮೆ ಇದ್ದವು. ಬ್ಲಿಟ್ಜ್‌ನಲ್ಲಿ ಮಗು ಹಿಂದೆ ಬಿದ್ದಿದೆ ಅಂತ ಕೊರಗುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಹಂತ 4: ರ‍್ಯಾಪಿಡ್

ಭಾನುವಾರ ಒಂದೇ ದಿನದಲ್ಲಿ ಮುಗಿಯುವ ಟೂರ್ನಮೆಂಟ್‌ಗಳು ಸಾಮಾನ್ಯವಾಗಿ ರ‍್ಯಾಪಿಡ್. ಹಾಸನದಲ್ಲಿ ನಡೆದರೆ ಚಿಕ್ಕಮಗಳೂರಿನಿಂದ 60 ಕಿಲೋಮೀಟರ್ ಹತ್ತಿರ, ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ಕೆಲಸಕ್ಕೆ ಹೋಗುವವರಿಗೆ, ತೋಟ ನೋಡಿಕೊಳ್ಳುವವರಿಗೆ ಇದೇ ಹೊಂದುತ್ತದೆ. ನವೆಂಬರಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು ಇರುವ ಮನೆಯಲ್ಲಿ ನಾಲ್ಕು ಗಂಟೆ ಬೋರ್ಡ್ ಮುಂದೆ ಕೂರುವ ಮಾತೇ ಇಲ್ಲ.

15+10ರಲ್ಲಿ ನಡೆಗೆ ಸರಾಸರಿ 25 ಸೆಕೆಂಡು. ಹಂತ 3ರ ಕ್ರಮದಲ್ಲಿ ಎರಡನ್ನು ಮಾತ್ರ ಬಿಡದೆ ಇಟ್ಟುಕೊಳ್ಳಿ: ಎದುರಾಳಿಯ ನಡೆಯ ಉದ್ದೇಶ ಏನು ಅನ್ನುವ ಪ್ರಶ್ನೆ, ಮತ್ತು ಆಡುವ ಮುಂಚಿನ ಕೊನೆಯ ನೋಟ. ಮಧ್ಯದ ಲೆಕ್ಕ ಚಿಕ್ಕದಾಗಲಿ. ಒಂದು ನಡೆಗೆ 2 ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಎರಡು ನಡೆ ಸರಿಸಮ ಅನಿಸಿದರೆ ನಿಮ್ಮ ರಾಜನಿಗೆ ಭದ್ರವಾದದ್ದನ್ನು ಆಡಿಬಿಡಿ. ಎದುರಾಳಿ ಯೋಚಿಸುವ ಸಮಯವೂ ನಿಮ್ಮದೇ. ಅವರ ಗಡಿಯಾರ ಓಡುವಾಗ ಎದ್ದು ತಿರುಗಾಡಬೇಡಿ, ಯಾವ ಕಾಯಿ ಎಲ್ಲಿರಬೇಕು ಅಂತ ಯೋಚಿಸಿ.

ರ‍್ಯಾಪಿಡ್‌ನಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ. ಆಟ ಮುಗಿದ ಕೂಡಲೇ ನೆನಪಿರುವಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ನೆನಪು ಎಲ್ಲಿ ತಪ್ಪುತ್ತದೋ ಅಲ್ಲೇ ಯೋಚನೆಯೂ ತಪ್ಪಿರುತ್ತದೆ, ಇದು ನಾನು ಮಕ್ಕಳಲ್ಲಿ ಮತ್ತೆ ಮತ್ತೆ ಗಮನಿಸಿರುವುದು.

ವಯಸ್ಸಾದವರಿಗೆ ವೇಗದ ಆಟ ಆಗುವುದಿಲ್ಲ ಅನ್ನುವವರು 2017ರ ರಿಯಾದ್ ನೆನಪಿಸಿಕೊಳ್ಳಿ. ವಿಶ್ವನಾಥನ್ ಆನಂದ್ 48ನೇ ವಯಸ್ಸಿನಲ್ಲಿ ವಿಶ್ವ ರ‍್ಯಾಪಿಡ್ ಗೆದ್ದರು. ಕೊನೇರು ಹಂಪಿ ಮಹಿಳೆಯರ ವಿಶ್ವ ರ‍್ಯಾಪಿಡ್ ಗೆದ್ದದ್ದು ಎರಡು ಸಲ, 2019ರಲ್ಲಿ ಮಾಸ್ಕೋದಲ್ಲಿ, 2024ರಲ್ಲಿ ನ್ಯೂಯಾರ್ಕ್‌ನಲ್ಲಿ.

ಹಂತ 5: ಬ್ಲಿಟ್ಜ್, ಮಿತಿಯಲ್ಲಿ

ಬ್ಲಿಟ್ಜ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಗುರಿ ಇಲ್ಲದೆ ಆಡುವುದು ಕೆಟ್ಟದ್ದು. ಇಂಕ್ರಿಮೆಂಟ್ ಇರುವ 3+2 ಅಥವಾ 5+3 ಆರಿಸಿಕೊಳ್ಳಿ. ಆ ದಿನ ಒಂದೇ ಓಪನಿಂಗ್ ಆಡಿ. ಪ್ರತಿ ಆಟದ ನಂತರ ಎರಡು ನಿಮಿಷ ನಿಂತು, ನಿಮಗೆ ಗೊತ್ತಿದ್ದ ದಾರಿ ಎಷ್ಟನೇ ನಡೆಗೆ ಮುಗಿಯಿತು ಅಂತ ನೋಡಿ. ಸತತ ಎರಡು ಸೋತರೆ ಅಂದಿಗೆ ನಿಲ್ಲಿಸಿ. ಮೂರನೆಯದನ್ನು ಆಡುವುದು ಸಿಟ್ಟು.

ಕೆಲವು ಅಂತ್ಯದಾಟಗಳು ಕೈಗೆ ಕೂತಿರಬೇಕು. ರಾಜ ಮತ್ತು ಆನೆ ಒಂದು ಕಡೆ, ಬರೀ ರಾಜ ಇನ್ನೊಂದು ಕಡೆ. ಗಡಿಯಾರದಲ್ಲಿ 30 ಸೆಕೆಂಡು ಮತ್ತು ನಡೆಗೆ 2 ಸೆಕೆಂಡು ಇಟ್ಟು ಮೇಟ್ ಮಾಡಿ ನೋಡಿ. ಆಗದಿದ್ದರೆ ಆಗುವವರೆಗೆ ದಿನಾ ಮಾಡಿ. ನಿಮ್ಮ ಸಮಯ ಮುಗಿದಾಗ ಎದುರಾಳಿಯ ಬಳಿ ಬರೀ ರಾಜ ಉಳಿದಿದ್ದರೆ ನೀವು ಸೋಲುವುದಿಲ್ಲ, ಡ್ರಾ. ಅವರ ಬಳಿ ಒಂದೇ ಒಂದು ಪಾನ್ ಇದ್ದರೂ ಸೋಲಬಹುದು. ಹಾಗಾಗಿ ಕೊನೆಯ ಸೆಕೆಂಡುಗಳಲ್ಲಿ ಅವರ ಕೊನೆಯ ಪಾನ್ ಹೊಡೆಯುವುದು ಅರ್ಧ ಅಂಕ ಉಳಿಸುತ್ತದೆ.

ಬೋರ್ಡ್ ಮೇಲೆ ಬ್ಲಿಟ್ಜ್ ಆಡುವವರು ಕೈಯ ಶಿಸ್ತನ್ನೂ ಕಲಿಯಬೇಕು. ಯಾವ ಕೈಯಲ್ಲಿ ಕಾಯಿ ಆಡಿದಿರೋ ಅದೇ ಕೈಯಲ್ಲಿ ಗಡಿಯಾರ ಒತ್ತಬೇಕು. ಕ್ಯಾಸ್ಲಿಂಗ್‌ಗೂ ಒಂದೇ ಕೈ. ನಿಯಮಕ್ಕೆ ವಿರುದ್ಧವಾದ ನಡೆ ಆಡಿ ಗಡಿಯಾರ ಒತ್ತಿದರೆ ಮೊದಲ ಸಲ ಎದುರಾಳಿಗೆ 1 ನಿಮಿಷ ಹೆಚ್ಚು ಸಿಗುತ್ತದೆ, ಎರಡನೇ ಸಲ ಆಟವೇ ಹೋಗುತ್ತದೆ. ರ‍್ಯಾಪಿಡ್, ಕ್ಲಾಸಿಕಲ್‌ನಲ್ಲಿ ಆ ದಂಡ 2 ನಿಮಿಷ. ಮೊಬೈಲ್ ತಪ್ಪು ನಡೆಯನ್ನು ಬಿಡುವುದೇ ಇಲ್ಲ. ಮೊಬೈಲಲ್ಲೇ ಕಲಿತ ಮಕ್ಕಳು ಚೆಕ್ ಇರುವುದನ್ನು ನೋಡದೆ ಬೇರೆ ಕಾಯಿ ಆಡುವುದು ಇದಕ್ಕೇ.

ಒಂದು ನಿಮಿಷದ ಬುಲೆಟ್ ಆಟ ಕಲಿಯುವ ಹಂತದಲ್ಲಿ ಬೇಡ. ಅಲ್ಲಿ ಪಳಗುವುದು ಬೆರಳು.

ಹಂತ 6: ವಾರದ ಲೆಕ್ಕ

ಶಾಲೆಗೆ ಹೋಗುವ ಮಗುವಿಗೆ ವಾರಕ್ಕೆ ಒಂದು 45+15, ಎರಡು ಮೂರು 15+10, ಶನಿವಾರ ಅರ್ಧ ಗಂಟೆ ಬ್ಲಿಟ್ಜ್. ಇಷ್ಟು ಸಾಕು. ಉಳಿದ ದಿನ ಪಜಲ್ ಬಿಡಿಸಲಿ, ಗಡಿಯಾರ ಇಲ್ಲದೆ. ಪರೀಕ್ಷೆ ಇದ್ದರೆ ಮೊದಲು ಬ್ಲಿಟ್ಜ್ ಬಿಡಿ, ಆಮೇಲೆ ರ‍್ಯಾಪಿಡ್. ವಾರದ ಆ ಒಂದು ನಿಧಾನದ ಆಟವನ್ನು ಕೊನೆಯವರೆಗೂ ಬಿಡಬೇಡಿ. 90+30 ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ದರೆ ಹೋಗುವ ಮುಂಚಿನ ಎರಡು ವಾರ ಮೊಬೈಲ್ ಆಟ ಪೂರ್ತಿ ನಿಲ್ಲಲಿ.

ಹಂತ 7: ಆಟ ಮುಗಿದ ಮೇಲೆ

ನಿಧಾನದ ಆಟ ಆಡಿ ಅದನ್ನು ತಿರುಗಿ ನೋಡದಿದ್ದರೆ ಅರ್ಧ ಲಾಭ ಹೋಯಿತು. ಸಾಧ್ಯವಾದರೆ ಎದುರಾಳಿಯ ಜೊತೆಯೇ ಕೂತು ನೋಡಿ. "ಇಲ್ಲಿ ಏನು ಅಂದ್ಕೊಂಡಿದ್ದೆ?" ಅಂತ ಕೇಳಿ. ಕಂಪ್ಯೂಟರ್ ಇದಕ್ಕೆ ಉತ್ತರ ಹೇಳುವುದಿಲ್ಲ. ಮನೆಗೆ ಬಂದು ಸ್ಕೋರ್ ಶೀಟ್ ಇಟ್ಟುಕೊಂಡು, ಹೆಚ್ಚು ಸಮಯ ತೆಗೆದುಕೊಂಡ ಮೂರು ನಡೆ ಮತ್ತು ಸಮಯವೇ ಕೊಡದೆ ಆಡಿ ಕೆಟ್ಟ ಮೂರು ನಡೆ ಗುರುತು ಹಾಕಿ. ಆಗ ತಲೆಯಲ್ಲಿ ಇದ್ದದ್ದನ್ನು ನಿಮ್ಮ ಮಾತಲ್ಲೇ ಎರಡು ಸಾಲು ಬರೆಯಿರಿ. ಎಂಜಿನ್, ಅಂದರೆ ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮ್, ಹಾಕುವುದು ಇದಾದ ಮೇಲೆ. ಮೊದಲೇ ಹಾಕಿದರೆ ಸರಿ ಉತ್ತರ ಸಿಗುತ್ತದೆ, ಆದರೆ ನೀವು ತಪ್ಪಿದ್ದು ಯಾಕೆ ಅಂತ ಗೊತ್ತಾಗುವುದಿಲ್ಲ.

ಹಂತ 8: ಟೂರ್ನಮೆಂಟ್ ದಿನ

ದೂರದ ಊರಾದರೆ ಹಿಂದಿನ ಸಂಜೆಯೇ ತಲುಪಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದ ಮಗು 90 ನಿಮಿಷ ಸಿಕ್ಕರೂ ಬೇಗ ಬೇಗ ಆಡಿ ಎದ್ದುಬಿಡುತ್ತದೆ. ಫೋನ್ ಆಫ್ ಮಾಡಿ ಅಪ್ಪ ಅಮ್ಮನ ಹತ್ತಿರ ಬಿಡಬೇಕು, ಜೇಬಿನಲ್ಲಿ ಸಿಕ್ಕರೆ ಆಟ ಹೋಗುತ್ತದೆ. ಕೂತ ಕೂಡಲೇ ಗಡಿಯಾರದಲ್ಲಿ ಸರಿಯಾದ ಸಮಯ ಇದೆಯಾ ನೋಡಿ. ಮೊದಲ ನಡೆ ಆದ ಮೇಲೆ ಸೆಕೆಂಡು ಸೇರಿತೋ ಇಲ್ಲವೋ ಅದನ್ನೂ ನೋಡಿ. ಸೇರದಿದ್ದರೆ ಗಡಿಯಾರ ನಿಲ್ಲಿಸಿ ತೀರ್ಪುಗಾರರಾದ ಆರ್ಬಿಟರ್‌ನ ಕರೆಯಿರಿ. ಅದಕ್ಕೆ ನಿಮಗೆ ಹಕ್ಕಿದೆ, ಸಂಕೋಚ ಬೇಡ. ಚಿಕ್ಕ ಮಕ್ಕಳಿಗೆ ಕೈ ಎತ್ತಿ "ಸರ್, ಟೈಮ್ ಸೇರ್ತಿಲ್ಲ" ಅಂತ ಹೇಳೋದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ.

ಸುತ್ತುಗಳ ನಡುವೆ ಹಾಲ್ ಹೊರಗೆ ಮಕ್ಕಳೆಲ್ಲ ಸೇರಿ ಬ್ಲಿಟ್ಜ್ ಶುರು ಮಾಡುತ್ತಾರೆ. ಅದರ ವೇಗ ಕೈಗೆ ಹತ್ತಿ ಮುಂದಿನ ಸುತ್ತಿಗೂ ಬರುತ್ತದೆ. ಆ ಹೊತ್ತಿಗೆ ಊಟ ಮಾಡಿಸಿ, ನೀರು ಕುಡಿಸಿ, ಸ್ವಲ್ಪ ನಡೆದಾಡಿಸಿ. ಕೊನೆಯ ಸುತ್ತು ಮುಗಿದ ಮೇಲೆ ಬಸ್ಸಿಗೆ ಇನ್ನೂ ಟೈಮ್ ಇದ್ದರೆ ಎಷ್ಟು ಬೇಕಾದರೂ ಆಡಿಕೊಳ್ಳಲಿ.